ಅಮ್ಮನಿಗಾಗಿ ಹಾಕಿಸಿದ ಹಚ್ಚೆ

ಬೆಳಿಗ್ಗೆ ಹತ್ತು ಗಂಟೆ. ತಾಯಿಯ ಆಪರೇಷನ್‌ಗೆ ಓ ನೆಗೆಟಿವ್ ರಕ್ತ ಬೇಕಿತ್ತು, ಆಸ್ಪತ್ರೆಯಲ್ಲಿ ಇರಲಿಲ್ಲ. ಅದೇ ಗುಂಪಿನ ಮಗ ಅಂಗಿಯ ತೋಳು ಮಡಚಿ ನರ್ಸ್ ಮುಂದೆ ಕುಳಿತ. ತೋಳಿನ ಮೇಲೆ ‘ಅಮ್ಮನಿಗಾಗಿ ನನ್ನ ರಕ್ತ’ ಎಂಬ ಹಚ್ಚೆಯಿತ್ತು.

“ಚೆನ್ನಾಗಿದೆ. ಯಾವಾಗ ಹಾಕಿಸಿದ್ರಿ?”

“ಹೋದ ತಿಂಗಳು. ಅಮ್ಮ ನೋಡಿ ಅತ್ತೇಬಿಟ್ರು.”

“ಹಚ್ಚೆ ಸೂಜಿಯಿಂದ ಕಾಮಾಲೆ ಅಂಟಿರಬಹುದು. ಒಂದು ವರ್ಷ ನಿಮ್ಮ ರಕ್ತ ತಗೊಳ್ಳೋ ಹಾಗಿಲ್ಲ.”

“ಅಂಗಡಿ ಕ್ಲೀನಾಗಿತ್ತು ಸಿಸ್ಟರ್. ಏಸಿ ಇತ್ತು.”

“ಕಾಮಾಲೆ ಏಸಿಗೆ ಹೆದರಲ್ಲ. ಬೇರೆ ಯಾರಿದ್ದೀರಿ?”

ಸೊಸೆ ಕೈ ಚಾಚಿದಳು. “ನಂದೂ ಅದೇ ಗುಂಪು.”

“ನಿಮಗೆ ಹಚ್ಚೆ?”

“ಒಂದು ಚುಕ್ಕೆನೂ ಇಲ್ಲ.”

ಹಚ್ಚೆಯಿಲ್ಲದ ಹೆಣ್ಣಿನ ಕೈ ಮೈಲಿಗೆ ಎಂಬ ಹಳೇ ನಂಬಿಕೆಯಿಂದ ಹತ್ತು ವರ್ಷ ಸೊಸೆ ಕೊಟ್ಟ ನೀರೂ ಮುಟ್ಟದಿದ್ದ ಅತ್ತೆಗೆ ಸಂಜೆ ನಾಲ್ಕಕ್ಕೆ ಆ ಕೈಯಿಂದ ತೆಗೆದ ರಕ್ತ ಏರಿಸಲಾಯಿತು.