ಕೆಂದಿಯ ಒಪ್ಪಿಗೆ

ಶಾಂತಮ್ಮ ತನ್ನ ಹಳೆಯ ಹಸಿರು ಸೀರೆಯನ್ನು ಗಂಡನ ಹೆಗಲ ಮೇಲೆ ಹೊದಿಸಿ, ಸೆರಗನ್ನು ಅವನ ಮೀಸೆಯವರೆಗೂ ಎಳೆದಳು. ಹೊಳೆಹೊನ್ನೂರಿನ ಆ ಕೊಟ್ಟಿಗೆಯ ಕಟ್ಟೆಯ ಮೇಲಿಟ್ಟ ಫೋನಿನಿಂದ ಶಿವಮೊಗ್ಗದ ತಂಗಿ ನಾಗವೇಣಿ ಕೂಗುತ್ತಿದ್ದಳು: "ಅಕ್ಕಾ, ಟ್ರಾವೆಲ್ಸಿನವರ ಎದುರಿಗೇ ಕೂತಿದೀನಿ. ಅಂಡಮಾನಿಗೆ ಎರಡು ಟಿಕೆಟ್ಟಾ, ನನ್ನೊಬ್ಬಳದೇನಾ? ಸಮುದ್ರದ ಪಕ್ಕದಲ್ಲೇ ರೂಮು, ಆರು ದಿನ!"

"ಕೆಂದಿ ನಿನ್ನ ಬಿಟ್ಟು ಬೇರೆಯವರಿಗೆ ಹಾಲು ಬಿಡಲ್ಲ, ಅದಕ್ಕೇ ಬೇಡ ಅಂದಿದ್ದು," ಎಂದ ಸಿದ್ದಯ್ಯ. "ಆರು ದಿನ ಅಲ್ಲೇನ್ ಮಾಡ್ತೀಯ ಮಾರಾಯ್ತಿ?"

"ಮರಳಲ್ಲಿ ಕಾಲು ಚಾಚ್ಕೊಂಡು ಕೂರ್ತೀನಿ."

"ಆಮೇಲೆ?"

"ಬೇಜಾರಾದ್ರೆ ಆ ಕಡೆ ತಿರುಗಿ ಕೂರ್ತೀನಿ. ನಿಮ್ಮವ್ವ ಹಾಸಿಗೆ ಹಿಡಿದಾಗ ಅವರ ಸೀರೆ ಉಟ್ಟೇ ಅಲ್ವಾ ನಾನು ಇದರ ತಾಯಿನ ಕರೆದಿದ್ದು? ಕೂತ್ಕೊಳ್ಳಿ ಈಗ."

ಸಿದ್ದಯ್ಯ ಚೆಂಬು ಹಿಡಿದು ಕುಕ್ಕರಗಾಲಲ್ಲಿ ಕೂತ. ಕೆಂದಿ ಕತ್ತು ತಿರುಗಿಸಿ ಸೀರೆಯನ್ನು ಮೂಸಿತು. ಅನುಮಾನ ತೀರದೆ ಇನ್ನೊಮ್ಮೆ ಮೂಸಿತು. ಆಮೇಲೆ, ಒದೆಯಲೆಂದು ಎತ್ತಿದ್ದ ಕಾಲನ್ನು ನಿಧಾನವಾಗಿ ನೆಲಕ್ಕಿಟ್ಟು ಹಿಂಡಿಗೆ ಬಾಯಿ ಹಾಕಿತು. ಚೆಂಬಿನ ತಳಕ್ಕೆ ಹಾಲು ಚರ್ರನೆ ಬಿತ್ತು.

"ಅದೇನಕ್ಕಾ ಸದ್ದು?"

"ನಿಮ್ಮ ಭಾವ ಹಾಲು ಕರೀತಿದಾರೆ ಕಣೇ. ಎರಡು ಮಾಡ್ಸು. ಕಿಟಕಿ ಪಕ್ಕ ನಂಗೆ."

ಚೆಂಬು ಅರ್ಧ ತುಂಬಿದ ಮೇಲೆ ಸೆರಗಿನೊಳಗಿಂದ ಸಿದ್ದಯ್ಯನ ದನಿ ಬಂತು: "ಹೋಗೋವರೆಗೂ ಈ ಸೀರೆ ಒಗೀಬೇಡ."