ಅವ್ವನ ಮುಂಗೈ

ಶೇಂಗಾ ಹುರಿಯುವ ವಾಸನೆ ಬಂದರೆ ಈಗಲೂ ನನ್ನ ಮೊಣಕೈ ಮಡಿಕೆ ತುರಿಸತೊಡಗುತ್ತದೆ.

ಚಿಕ್ಕಂದಿನಲ್ಲಿ ಮೈಯೆಲ್ಲ ಇಸಬು ಎದ್ದಿದ್ದ ನನಗೆ ಸ್ವಲ್ಪ ದಿನ ಶೇಂಗಾ ಬಿಡಿಸಿ ನೋಡಿ ಎಂದು ಸ್ಟೇಷನ್ ರಸ್ತೆಯ ಡಾಕ್ಟರು ಹೇಳಿದ್ದರು. ಅದೇ ವಾರ ಒಂದು ಮಧ್ಯಾಹ್ನ ಜೈನಾಪುರದ ಮನೆಯಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಹೋಳಿಗೆಗೆಂದು ಶೇಂಗಾ ಹುರಿದಳು. ನಾನು ಅವ್ವನ ತೊಡೆಯ ಮೇಲೆ ಹೊರಳಾಡುತ್ತ, ಕಾಲು ಬಡಿಯುತ್ತ, ಕೊಬ್ಬರಿ ಎಣ್ಣೆ ಹಚ್ಚಿದ ಮೈ ಪರಚಿಕೊಳ್ಳುತ್ತಿದ್ದೆ.

“ನಿಂದು ಕೆರಕೋಬ್ಯಾಡ ಯಪ್ಪಾ, ರಗತ ಬರ್ತೈತಿ. ನಂದು ಕೆರಿ,” ಎಂದು ಅವ್ವ ಮುಂಗೈ ಚಾಚಿದಳು. ಕೆರೆದೆ, ಸಿಟ್ಟು ಬಂದಷ್ಟೂ ಜೋರಾಗಿ.

ಸಂಜೆ ಮುಂದೆ ಆಯಿ ಮೊದಲ ಹೋಳಿಗೆಗೆ ತುಪ್ಪ ಸವರಿ ನನ್ನ ಬಾಯಿಯ ಹತ್ತಿರ ತಂದಳು. “ಒಂದ್ ತುತ್ತಿಗೆ ಏನೂ ಆಗಂಗಿಲ್ಲ ಬಿಡ. ನಮ್ಮ ಮನ್ಯಾಗ ಯಾರಿಗಾರ ಆಗೇತೇನ?”

ಅವ್ವ ಕೈ ಅಡ್ಡ ಹಿಡಿದಳು. ಅದರ ಮೇಲಿನ ಕೆಂಪು ಗೀರುಗಳನ್ನು ಕಂಡು ಆಯಿ ಬೆಚ್ಚಿದಳು. “ನಿನಗೂ ಎದ್ದೈತೇನ?”

ಅವ್ವ ಒಂದು ಕ್ಷಣ ನನ್ನ ಉಗುರು ನೋಡಿದಳು.

“ಹೂಂರಿ ಅತ್ತಿ. ನನಗೂ ಶೇಂಗಾ ಆಗಂಗಿಲ್ಲ. ನನ್ನ ಕಡಿಂದನ ಬಂದಿರಬೇಕು.”

ಆಯಿ ಹೋಳಿಗೆ ಹಿಂದಕ್ಕೆ ತೆಗೆದುಕೊಂಡಳು. ಶೇಂಗಾ ಹೋಳಿಗೆ ಎಂದರೆ ಪ್ರಾಣ ಬಿಡುತ್ತಿದ್ದ ಅವ್ವ ಆಮೇಲೆ ಆ ಮನೆಯಲ್ಲಿ ಎಂದೂ ಅದನ್ನು ಮುಟ್ಟಲಿಲ್ಲ.