ಸಿಹಿನೀರಿನ ಬಾವಿ

ಬಾವಿಯ ನೀರನ್ನು ಮುಟ್ಟುವ ಮೊದಲು ಆ ಹುಡುಗಿ ಎರಡೂ ಕೈಗೆ ರಬ್ಬರಿನ ಗವಸು ತೊಟ್ಟಳು. ಅಷ್ಟಕ್ಕೇ ಯಜಮಾನರ ಮೈ ಉರಿಯಿತು.

"ಏನಮ್ಮ, ಬಾವೀಲಿ ಹಾವಿದೆಯಾ? ನಮ್ಮಪ್ಪ ತೋಡಿಸಿದ್ದು. ಇಡೀ ಬೀದೀಲಿ ಇಂಥ ಸಿಹಿನೀರಿಲ್ಲ."

"ನಿಯಮ ಸರ್," ಎಂದಳು ಅವಳು. ಸರ್ಕಾರದ ಕಡೆಯಿಂದ ಮಣ್ಣು, ನೀರು ಪರೀಕ್ಷಿಸಲು ಬಂದವಳು. ಯಜಮಾನರ ಈ ಸಿಹಿನೀರಿನ ವರ್ಣನೆ ಬೀದಿಯವರಿಗೆಲ್ಲ ಬಾಯಿಪಾಠವಾಗಿತ್ತು. ಅವರಿಗೆ ಬಾವಿ ಯಜಮಾನರೆಂಬ ಹೆಸರು ಬಿದ್ದದ್ದೇ ಹಾಗೆ.

ಹುಡುಗಿಯನ್ನು ಕರೆಸಿದ್ದು ಯಜಮಾನರ ತಮ್ಮ. ಅಪ್ಪನ ಕಾಲದಲ್ಲಿ ಅಲ್ಲಿ ನಲ್ಲಿಗಳಿಗೂ ಸೈಕಲ್ ಹ್ಯಾಂಡಲುಗಳಿಗೂ ಕ್ರೋಮ್ ಹೊಳಪು ಕೊಡುವ ಕಾರ್ಖಾನೆಯಿತ್ತು. ಅದು ಮುಚ್ಚಿದ ಮೇಲೆ ಜಾಗ ಪಾಲಾಯಿತು, ನಡುವೆ ಎದೆಮಟ್ಟದ ಗೋಡೆ ಎದ್ದಿತು. ಹಿರಿಯನೆಂಬ ಹಕ್ಕಿನಿಂದ ಬಾವಿಯಿದ್ದ ಭಾಗವನ್ನು ಯಜಮಾನರು ಇಟ್ಟುಕೊಂಡರು. ಆಸಿಡ್ ತೊಟ್ಟಿಗಳಿದ್ದ ಹಿಂಭಾಗ ತಮ್ಮನಿಗೆ ಹೋಯಿತು. ಈಗ ಸರ್ಕಾರ ಇಂಥ ಜಾಗಗಳ ಮಣ್ಣನ್ನು ತನ್ನ ಖರ್ಚಿನಲ್ಲೇ ಶುದ್ಧ ಮಾಡಿಸಿ, ಅಲ್ಲಿ ಹೊಸದಾಗಿ ಕಟ್ಟುವವರಿಗೆ ತೆರಿಗೆ ವಿನಾಯಿತಿ ಕೊಡುವುದಾಗಿ ಹೇಳಿತ್ತು. ಷರತ್ತು ಒಂದೇ: ಹಳೆಯ ಕಾರ್ಖಾನೆಯ ಜಾಗ ಪೂರ್ತಿ ಸೇರಬೇಕು, ಎರಡೂ ಪಾಲಿನವರು ನೆಲ ಕೆಟ್ಟಿದೆ ಎಂದು ಸಹಿ ಹಾಕಬೇಕು. ಅಲ್ಲೊಂದು ವರ್ಕ್‌ಶಾಪ್ ಕಟ್ಟಿ ಮಗನಿಗೆ ದಾರಿ ಮಾಡಿಕೊಡಬೇಕೆಂಬುದು ತಮ್ಮನ ಆಸೆ. ಅಣ್ಣನ ಸಹಿ ಸಿಗದಿದ್ದರೆ ಅದು ಅಲ್ಲಿಗೇ ಮುಗಿಯಿತು.

ಹುಡುಗಿ ಪುಟ್ಟ ಗಾಜಿನ ಕೊಳವೆಗೆ ನೀರು ಹಾಕಿ, ಚಿಟಿಕೆ ಪುಡಿ ಉದುರಿಸಿ ಅಲ್ಲಾಡಿಸಿದಳು. ನೋಡನೋಡುತ್ತಲೇ ನೀರು ನೇರಳೆ ಬಣ್ಣಕ್ಕೆ ತಿರುಗಿತು.

"ಕ್ರೋಮಿಯಂ ಸರ್. ಬಹಳ ಇದೆ. ಆ ತೊಟ್ಟಿಗಳ ಕಡೆಯಿಂದ ಇಳಿದು ಬಂದಿದೆ."

"ಮಧ್ಯೆ ಗೋಡೆ ಇದೆಯಲ್ಲಮ್ಮ."

"ಗೋಡೆ ಮೇಲಿದೆ ಸರ್. ನೀರು ಕೆಳಗೆ ಬರುತ್ತೆ."

ಯಜಮಾನರು ಬಾಯಿ ಅಗಲಿಸಿ ತೋರಿಸಿದರು. "ನಿನ್ನ ಪುಡಿ ಸುಳ್ಳು ಹೇಳಬಹುದು, ನನ್ನ ಹಲ್ಲು ಹೇಳಲ್ಲ. ನೋಡು, ಒಂದೂ ಉದುರಿಲ್ಲ. ಗೋಡೆ ಎದ್ದಾಗಿನಿಂದ ಇದೇ ನೀರು. ನಾನು ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ನನ್ನವಳು ಸೇದಿ ತಂದು, ದೇವರ ಮುಂದೆ ಒಂದು ತಂಬಿಗೆ ಇಡ್ತಿದ್ದಳು. ನನ್ನ ಧ್ಯಾನ ಕೆಡಬಾರದು ಅಂತ ರಾಟೆ ಸದ್ದೂ ಆಗದ ಹಾಗೆ ಸೇದೋಳು. ಅಂಥ ನೀರನ್ನ ವಿಷ ಅಂತ ಬರೆದುಕೊಡಲಾ?"

"ಈಗಲೂ ಇದನ್ನೇ ಕುಡೀತೀರಾ?"

"ಇದನ್ನೇ. ಅವಳು ಹೋದ ಮೇಲೆ ನಾನೇ ಸೇದ್ತೀನಿ." ಅವರ ದನಿ ಇಳಿಯಿತು. "ಆದರೆ ರುಚಿ ಹೋಯ್ತಮ್ಮ. ಮೊದಲ ದಿನದಿಂದಲೇ ಬಾಯೆಲ್ಲ ಕಹಿ. ರಾಟೆ ಕೂಡ ಅಳುತ್ತೆ. ದುಃಖ ಅಂದ್ರೆ ಹಾಗೇ."

ಈ ಮಾತನ್ನು ಅವರು ಸಂತಾಪಕ್ಕೆ ಬಂದವರಿಗೆಲ್ಲ ಹೇಳಿದ್ದರು, ಜೊತೆಗೊಂದು ಲೋಟ ನೀರನ್ನೂ ಕೊಟ್ಟಿದ್ದರು. ಕುಡಿದವರು ಮುಖ ಕಿವುಚಿದಾಗ, ಪಾಪ, ಇವರಿಗೂ ಎಷ್ಟು ಸಂಕಟ ಎಂದು ಯಜಮಾನರು ಅಂದುಕೊಂಡಿದ್ದರು.

ಹುಡುಗಿ, ಸಹಿಯ ಕಾಗದ ಹಿಡಿದು ಪಕ್ಕದಲ್ಲೇ ನಿಂತಿದ್ದ ತಮ್ಮನ ಮುಖ ನೋಡಿದಳು. ತಮ್ಮ ನೆಲ ನೋಡಿದ.

"ಅಣ್ಣ, ಬೈಯಬೇಡ. ಅತ್ತಿಗೆ ಆಣೆ ಹಾಕಿಸಿದ್ದರು, ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ನೀನು ಕುಡೀತಿದ್ದದ್ದು ಬಾವಿ ನೀರಲ್ಲ, ನಮ್ಮ ನಲ್ಲಿ ನೀರು. ನೀನು ಕಣ್ಣು ಮುಚ್ಚಿ ಕೂತ ಹೊತ್ತಲ್ಲಿ ನಮ್ಮವಳು ಕೊಡ ತುಂಬಿಸಿ ಗೋಡೆ ಮೇಲೆ ಇಡೋಳು, ಅತ್ತಿಗೆ ಎತ್ಕೊಳ್ಳೋರು. 'ಬಾವಿ ನೀರು ಬಾಯಿಗಿಡೋಕಾಗಲ್ಲ. ಆದರೆ ನಿಮ್ಮನೆ ನೀರು ಅಂತ ಗೊತ್ತಾದರೆ ಅವರ ಗಂಟಲಲ್ಲಿ ಇಳಿಯಲ್ಲ' ಅಂತಿದ್ದರು."

"ಮತ್ತೆ ಅವಳು ಹೋದ ಮೇಲೆ?"

"ಆಮೇಲೂ ಇಟ್ಟೆವಲ್ಲ. ಬಾವಿ ಇರೋನ ಮುಂದೆ ನೀರಿಟ್ಟು ಅಣಕಿಸ್ತೀರಾ ಅಂತ ಕೂಗಾಡಿ ನೀನೇ ಗಿಡಕ್ಕೆ ಸುರಿದೆ. ಬಾವಿ ನೀರು ಪರೀಕ್ಷೆ ಮಾಡಿಸು ಅಂದರೆ, ಬಾವಿ ಮೇಲೆ ಕಣ್ಣಾ ಅಂದೆ. ಕೊಡಾನೂ ವಾಪಸ್ ಕೊಡಲಿಲ್ಲ."

ಯಜಮಾನರು ಗೋಡೆಯ ಹತ್ತಿರ ಹೋದರು. ಅದರ ನೆತ್ತಿಯಲ್ಲಿ ಒಂದೇ ಒಂದು ಕಡೆ ಗಾರೆ ಬಟ್ಟಲಿನಂತೆ ಸವೆದಿತ್ತು. ಸಿಮೆಂಟ್ ಕದ್ದಿದ್ದೀಯ ಎಂದು ಗಾರೆಯವನನ್ನು ಎಷ್ಟೋ ಸಲ ಕರೆಸಿ ಬೈದಿದ್ದರು. ಈಗ ಅಂಗೈಯಿಟ್ಟು ಸವರಿದರು. ಅದು ಕೊಡದ ತಳದಷ್ಟೇ ಗುಂಡಗಿತ್ತು.

"ಹಾಗಾದರೆ ಈ ಕಹಿ, ಅದೂ..."

"ಇಂಥ ನೀರು ಹಾಗೇ ಇರುತ್ತೆ ಸರ್. ಇವತ್ತಿಂದ ಕುಡೀಬೇಡಿ. ಒಮ್ಮೆ ಆಸ್ಪತ್ರೆಗೂ ತೋರಿಸಿಬಿಡಿ."

ಯಜಮಾನರು ಮೊದಲು ಮೂಗಿನಲ್ಲಿ ನಕ್ಕರು, ಆಮೇಲೆ ಹೊಟ್ಟೆ ಹಿಡಿದುಕೊಂಡು. "ಹೆಂಡತಿ ಮೇಲೆ ಎಂಥ ಪ್ರೀತಿ ಅಂತ ಬೀದಿಯೆಲ್ಲ ಹೊಗಳ್ತಿತ್ತು ಕಣೋ. ತೊಟ್ಟಿ ನೀರು ಕುಡಿದು ವಿರಹಿ ಆಗಿದ್ದೆ, ನೋಡು." ಕಾಗದವನ್ನು ಎಳೆದುಕೊಂಡು ಸಹಿ ಹಾಕಿದರು. "ನೆಲ ಕೆಟ್ಟಿದೆ ಅಂತಷ್ಟೇ ಇದೆಯಲ್ಲಮ್ಮ. ನೆಲದ ಯಜಮಾನನೂ ಕೆಟ್ಟಿದ್ದಾನೆ ಅಂತ ಬರೆಯೋಕೆ ಜಾಗ ಇಲ್ಲವಾ?"

ಗೋಡೆಯ ಆಚೆಯಿಂದ ತಮ್ಮನ ಹೆಂಡತಿ ಒಂದು ಲೋಟ ನೀರು ಚಾಚಿದಳು. ಅವರು ಕುಡಿದರು. ನೀರು ಮೊದಲಿನ ಹಾಗೆಯೇ ಸಿಹಿಯಾಗಿತ್ತು. ಅದನ್ನೇ ಅವರಿಂದ ತಡೆದುಕೊಳ್ಳಲಾಗಲಿಲ್ಲ. ಲೋಟ ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು.

"ಗೋಡೆ ಒಡೆಯೋ ಖರ್ಚೂ ಸರ್ಕಾರದ್ದೇ ಅಂತಣ್ಣ," ಎಂದ ತಮ್ಮ, ಮೆಲ್ಲಗೆ.

"ಒಡೀಲಿ. ಈ ಸವೆದ ಜಾಗ ಮಾತ್ರ ಕೊನೆಗೆ ಒಡೀಲಿ." ಅವರು ತಿರುಗಲಿಲ್ಲ. "ನಾಳೆ ಬೆಳಿಗ್ಗೆ ಇಲ್ಲೊಂದು ಕೊಡ ಇಡೋಕೆ ಹೇಳು. ನಾನು ಕಣ್ಣು ಬಿಡಲ್ಲ."